ಊಟ ಆಯ್ತು ಅಂದರೆ ಏನಾಯ್ತು?

ಮತ್ತೀಕೆರೆ, ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಬಾಡಿಗೆ ಕೋಣೆಗಳಲ್ಲಿ ಉಳಿದು ಓದುವ ಮಕ್ಕಳಿಗೆ ಬೀದಿಯ ಹೋಟೆಲೇ ಅಡುಗೆಮನೆ. ಅಲ್ಲಿ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಏನು ತುಂಬುತ್ತದೆ?

ರಾತ್ರಿ ಒಂಬತ್ತು ಗಂಟೆ. ಮತ್ತೀಕೆರೆಯ ಅಡ್ಡರಸ್ತೆಯೊಂದರಲ್ಲಿ ಮೂರನೇ ಮಹಡಿಯ ಕೋಣೆ. ಹುಡುಗನ ಫೋನು ಸದ್ದು ಮಾಡುತ್ತದೆ. ಆ ತುದಿಯಲ್ಲಿ ಹೊಸದುರ್ಗದ ಕಡೆಯ ಹಳ್ಳಿಯಿಂದ ಅಮ್ಮ.

'ಊಟ ಆಯ್ತೇನಪ್ಪಾ?'

'ಆಯ್ತಮ್ಮ.'

'ಹೊಟ್ಟೆ ತುಂಬ ಉಂಡ್ಯಾ?'

'ಹ್ಞೂಂ, ಉಂಡೆ.'

ಅಮ್ಮನಿಗೆ ಸಮಾಧಾನ. ಹುಡುಗ ಸುಳ್ಳು ಹೇಳಿಲ್ಲ. ಬೆಳಿಗ್ಗೆ ಸೆಟ್ ದೋಸೆ ತಿಂದು ಕಾಫಿ ಕುಡಿದಿದ್ದಾನೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಂದು ತಟ್ಟೆ ಚಿತ್ರಾನ್ನ. ನಾಲ್ಕು ಗಂಟೆಗೆ ಬೇಕರಿಯಲ್ಲಿ ಬನ್ನು, ಚಹಾ. ಆರಕ್ಕೆ ಗೆಳೆಯರ ಜೊತೆ ತಳ್ಳುಗಾಡಿಯ ಗೋಬಿ ಮಂಚೂರಿ. ರಾತ್ರಿ ಎರಡು ಪರೋಟ, ಮೇಲೆ ನಾಲ್ಕು ಚಮಚ ಕುರ್ಮ. ಐದು ಸಲ ತಿಂದ ಹುಡುಗ ಉಪವಾಸ ಇದ್ದಾನೆಂದು ಯಾರು ತಾನೆ ಹೇಳಲು ಸಾಧ್ಯ? ಹಾಗಿದ್ದೂ ಅವನ ಆ ದಿನದ ತಟ್ಟೆಯಲ್ಲಿ ಸೊಪ್ಪು ಇರಲಿಲ್ಲ, ಬೇಳೆ ಇದ್ದೂ ಇರಲಿಲ್ಲ, ಹಣ್ಣು ಕಣ್ಣಿಗೂ ಬಿದ್ದಿರಲಿಲ್ಲ. ಊರಲ್ಲಿ ದಿನಕ್ಕೊಮ್ಮೆಯಾದರೂ ನುಂಗುತ್ತಿದ್ದ ಮುದ್ದೆಯ ನೆನಪಂತೂ ದೂರವೇ ಉಳಿಯಿತು.

ಇಂಥ ಮಾತುಕತೆ ದಿನವೂ ರಾತ್ರಿ ಉತ್ತರ ಬೆಂಗಳೂರಿನ ಅದೆಷ್ಟೋ ಕೋಣೆಗಳಲ್ಲಿ ನಡೆಯುತ್ತದೆ. ಈ ಭಾಗ ಇಂದು ಓದುವವರ ಊರು. ಯಶವಂತಪುರದ ಮಗ್ಗುಲಲ್ಲೇ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ. ಮತ್ತೀಕೆರೆಯ ಪಕ್ಕದಲ್ಲಿ 1962ರಲ್ಲಿ ಹುಟ್ಟಿದ ಎಂ.ಎಸ್. ರಾಮಯ್ಯ ತಾಂತ್ರಿಕ ಸಂಸ್ಥೆ. ಹೆಬ್ಬಾಳದಲ್ಲಿ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ, ಪಶುವೈದ್ಯಕೀಯ ಕಾಲೇಜು. ಯಲಹಂಕದ ಸುತ್ತ ಎಂಜಿನಿಯರಿಂಗ್ ಕಾಲೇಜುಗಳ ಸಾಲು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿ ಊರು ಬೆಳೆಯುತ್ತಲೇ ಹೋಯಿತು. ರಾಗಿ ಹೊಲ, ದ್ರಾಕ್ಷಿ ತೋಟ ಇದ್ದ ಕಡೆ ಬಾಡಿಗೆ ಮನೆಗಳು ಎದ್ದವು. ಬಾಡಿಗೆ ಮನೆಯ ಕೆಳಗೆ ಹೋಟೆಲು ಬಂತು. ಅಡುಗೆಮನೆ ಮಾತ್ರ ಬಹಳಷ್ಟು ಕೋಣೆಗಳಿಗೆ ಬರಲಿಲ್ಲ.

ವಾರಾನ್ನದಿಂದ ದರ್ಶಿನಿಗೆ

ಪಟ್ಟಣಕ್ಕೆ ಓದಲು ಬಂದ ಹುಡುಗ ಎಲ್ಲಿ ಉಣ್ಣಬೇಕು? ಇದು ಹಳೆಯ ಪ್ರಶ್ನೆ. ಅಜ್ಜಂದಿರ ಕಾಲದಲ್ಲಿ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಹೊಂದಿಸಿಕೊಂಡವನು ಅದೃಷ್ಟವಂತ, ಐದೇ ಸಿಕ್ಕವನಿಗೆ ಎರಡು ದಿನ ನೀರೇ ಗತಿ. ಆ ಸೌಕರ್ಯವೂ ಎಲ್ಲ ಜಾತಿಯ ಮಕ್ಕಳಿಗೆ ಇರಲಿಲ್ಲ. ಆಮೇಲೆ ಸಮುದಾಯಗಳು ತಮ್ಮ ತಮ್ಮ ಮಕ್ಕಳಿಗೆ ವಿದ್ಯಾರ್ಥಿನಿಲಯ ಕಟ್ಟಿದವು, ಮಠಗಳು ಪ್ರಸಾದ ನಿಲಯ ತೆರೆದವು, ಸರ್ಕಾರದ ಹಾಸ್ಟೆಲುಗಳು ಬಂದವು. ಅದರ ಜೊತೆಜೊತೆಗೇ ಹೋಟೆಲೂ ಬಂತು.

ಬೆಂಗಳೂರಿಗೆ ಕಡಲಿಲ್ಲ. ಆದರೆ ಬೆಂಗಳೂರಿನ ಬಾಯಿಗೆ ರುಚಿ ಹತ್ತಿಸಿದವರಲ್ಲಿ ಕಡಲ ಕರೆಯವರದ್ದು ದೊಡ್ಡ ಪಾಲು. 1924ರಲ್ಲಿ ಎಂ.ಟಿ.ಆರ್. ಆರಂಭಿಸಿದ ಮಯ್ಯ ಸೋದರರು ಉಡುಪಿ ಸೀಮೆಯಿಂದ ಬಂದವರು. ಎರಡನೇ ಮಹಾಯುದ್ಧದ ದಿನಗಳಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಆ ಹೋಟೆಲಿನವರು ಹೇಳುತ್ತಾರೆ. 1943ರಲ್ಲಿ ಗಾಂಧಿ ಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನಕ್ಕೆ ಆ ಹೆಸರು ಬಂದದ್ದೇ ಸುತ್ತಲಿನ ವಿದ್ಯಾರ್ಥಿಗಳಿಗೆ ತಿಂಡಿ ಕೊಡುವ ಜಾಗ ಎಂಬ ಕಾರಣಕ್ಕೆ. ಅದನ್ನು ತೆರೆದವರೂ ಕರಾವಳಿಯವರೇ.

ಆದರೆ ಆ ದಿನಗಳ ಹೋಟೆಲು ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುತ್ತಿರಲಿಲ್ಲ. ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಬೆಂಚು ಇದ್ದ ಹೋಟೆಲುಗಳಿದ್ದವು. ಕೆಲವರಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. ಇದಕ್ಕಾಗಿಯೇ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಜಾತಿ ಧರ್ಮಗಳ ಕಾರಣಕ್ಕೆ ಯಾರನ್ನೂ ಅಂಗಡಿ ಮತ್ತು ಹೋಟೆಲುಗಳಿಂದ ದೂರವಿಡಬಾರದೆಂದು ಬಿಡಿಸಿ ಬಿಡಿಸಿ ಹೇಳಿತು. ದೇಶದ ಅತಿ ದೊಡ್ಡ ಕಾನೂನಿನಲ್ಲಿ ಹೋಟೆಲಿಗೆ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ. ಪಠ್ಯಪುಸ್ತಕದಲ್ಲಿ ಆ ವಿಧಿಯನ್ನು ಬಾಯಿಪಾಠ ಮಾಡುವ ಮಕ್ಕಳು, ದರ್ಶಿನಿಯ ಒಂದೇ ಕಟ್ಟೆಯ ಸುತ್ತ ನಿಂತು ಉಣ್ಣುವ ಹತ್ತು ಬಗೆಯ ಜನರನ್ನು ಕಂಡಾಗ ಅದನ್ನು ಒಮ್ಮೆ ನೆನೆದುಕೊಳ್ಳಬಹುದು.

ಆ ದರ್ಶಿನಿ ಹುಟ್ಟಿದ್ದು 1983ರಲ್ಲಿ, ಜಯನಗರದಲ್ಲಿ. ಆರ್. ಪ್ರಭಾಕರ್ ಅವರ ಯೋಚನೆಯಿಂದ ಆರಂಭವಾದ ಕೆಫೆ ದರ್ಶಿನಿಯಲ್ಲಿ ಕುರ್ಚಿಯಿಲ್ಲ, ಮಾಣಿಯಿಲ್ಲ. ಮೊದಲು ಗಲ್ಲಾದಲ್ಲಿ ಕಾಸು, ಕೈಗೆ ಟೋಕನ್, ಮುಂದಿನ ಕಟ್ಟೆಯಲ್ಲಿ ತಿಂಡಿ, ನಿಂತುಕೊಂಡು ತಿಂದು ಹೊರಟರಾಯಿತು. ಅಡುಗೆ ಕಣ್ಣೆದುರೇ ನಡೆಯುತ್ತದೆ. ಚಿಕ್ಕ ಜಾಗ ಸಾಕು, ಕೆಲಸಗಾರರು ಕಡಿಮೆ, ಬಂದವರು ಬೇಗ ಹೊರಡುತ್ತಾರೆ. ಆದ್ದರಿಂದ ಬೆಲೆಯನ್ನು ಹಿಡಿತದಲ್ಲಿಡಲು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ಈ ಮಾದರಿ ಬೆಂಗಳೂರಿನ ಬಡಾವಣೆ ಬಡಾವಣೆಗೂ ಹಬ್ಬಿತು. ಕೂತು ತಿನ್ನುವ ಹಳೆಯ ಹೋಟೆಲುಗಳು ಮಾತ್ರ ಒಂದೊಂದಾಗಿ ಕಡಿಮೆಯಾಗುತ್ತಿವೆ. ಯಶವಂತಪುರದ ನೆರೆಯ ಮಲ್ಲೇಶ್ವರದಲ್ಲಿ 1954ರಿಂದ ನಡೆದುಬಂದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು.

ದರ್ಶಿನಿಯಿಂದ ಇನ್ನೊಂದು ಉಪಕಾರವಾಯಿತು. ಅದನ್ನು ಹೆಣ್ಣುಮಕ್ಕಳೇ ಹೇಳಬೇಕು. ಹಿಂದೆ ಹುಡುಗಿಯೊಬ್ಬಳು ಒಂಟಿಯಾಗಿ ಹೋಟೆಲಿಗೆ ಹೋದರೆ ಹತ್ತು ಕಣ್ಣು ತಿರುಗುತ್ತಿದ್ದವು. ಅವಳನ್ನು ಪರದೆ ಎಳೆದ 'ಫ್ಯಾಮಿಲಿ ರೂಮಿ'ಗೆ ಕಳಿಸುತ್ತಿದ್ದರು. ದರ್ಶಿನಿಯಲ್ಲಿ ಬಾಗಿಲೇ ಇಲ್ಲ, ಇನ್ನು ಪರದೆ ಎಲ್ಲಿಯದು? ಬೆಲೆ ಹಲಗೆಯ ಮೇಲಿದೆ, ರಸ್ತೆ ಎದುರಿಗಿದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಓದುವ ಹುಡುಗಿ ಬೆಳಿಗ್ಗೆ ಏಳಕ್ಕೆ ತಾನೊಬ್ಬಳೇ ನಿಂತು ನಿಶ್ಚಿಂತೆಯಿಂದ ಇಡ್ಲಿ ತಿನ್ನುವುದು ಸಣ್ಣ ಸ್ವಾತಂತ್ರ್ಯವೇನಲ್ಲ.

ಬೀದಿಗೊಂದು ರುಚಿ

ಉತ್ತರ ಬೆಂಗಳೂರಿನಲ್ಲಿ ಉಣ್ಣಲು ದರ್ಶಿನಿಯೊಂದೇ ದಾರಿ ಎಂದುಕೊಂಡರೆ ನಷ್ಟ ಓದುವ ಮಕ್ಕಳಿಗೇ.

ಯಶವಂತಪುರವನ್ನು ನೋಡಿ. ರೈಲು ನಿಲ್ದಾಣ, ಎ.ಪಿ.ಎಂ.ಸಿ. ಮಾರುಕಟ್ಟೆ, ತುಮಕೂರು ರಸ್ತೆ ಮೂರೂ ಇರುವ ಊರು. ನಸುಕಿನಲ್ಲೇ ದುಡಿಮೆಗೆ ಇಳಿಯುವವರಿಗೆ ನಸುಕಿನಲ್ಲೇ ತಿಂಡಿ ಬೇಕು. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದವರಿಗಾಗಿ ತೆರೆದ ಖಾನಾವಳಿಗಳು ನಗರದ ಈ ಭಾಗದಲ್ಲೂ ಸಿಗುತ್ತವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಈರುಳ್ಳಿ, ಮೊಸರು. ಒಂದು ತಟ್ಟೆಯಲ್ಲಿ ಧಾನ್ಯ, ಕಾಳು, ತರಕಾರಿ, ಹಾಲಿನ ಪದಾರ್ಥ ನಾಲ್ಕೂ ಬಂದುಬಿಟ್ಟವು. ಖಾನಾವಳಿಯ ಊಟ ಕಂಡು 'ಇದು ನಮ್ಮ ಕಡೆಯದಲ್ಲ' ಎಂದು ಮುಂದೆ ಹೋಗುವ ಮೈಸೂರು ಸೀಮೆಯ ಹುಡುಗ ಒಂದು ಒಳ್ಳೆಯ ಊಟ ಕಳೆದುಕೊಂಡಂತೆ.

ಆರ್.ಟಿ. ನಗರದ್ದು ಬೇರೆ ಲೋಕ. ರವೀಂದ್ರನಾಥ ಟಾಗೋರರ ಹೆಸರು ಹೊತ್ತ ಈ ಬಡಾವಣೆಯಲ್ಲಿ, ಅದರ ಸುತ್ತಣ ಗಂಗಾನಗರ, ಸುಲ್ತಾನಪಾಳ್ಯಗಳಲ್ಲಿ ಎಲ್ಲ ಧರ್ಮ, ಎಲ್ಲ ಭಾಷೆಯವರಿದ್ದಾರೆ. ಇಡ್ಲಿಯ ಅಂಗಡಿ, ಬಿರಿಯಾನಿಯ ಅಂಗಡಿ, ಬೇಕರಿ, ಚಾಟ್ಸ್ ಗಾಡಿ ಎಲ್ಲವೂ ಕೂಗಳತೆಯಲ್ಲಿ. ಸಂಜೆಯ ಹೊತ್ತು ಬಾಯಿಚಪಲಕ್ಕೆ ಕೊನೆಯೇ ಇಲ್ಲ.

ಹೆಬ್ಬಾಳ, ಯಲಹಂಕದ ಮಣ್ಣಿನ ಊಟವೆಂದರೆ ಮುದ್ದೆ. ಸೊಪ್ಪಿನ ಸಾರು, ಬಸ್ಸಾರು, ಹುರುಳಿಕಾಳಿನ ಸಾರು, ಚಳಿಗಾಲ ಬಂದರೆ ಅವರೆಕಾಳು. ಮಾಂಸ ತಿನ್ನುವವರಿಗೆ ನಾಟಿ ಶೈಲಿಯ ಮಿಲಿಟರಿ ಹೋಟೆಲು, ದೊನ್ನೆಯಲ್ಲಿ ಕೊಡುವ ಬಿರಿಯಾನಿ. ಇಲ್ಲಿ ಒಂದು ಸೋಜಿಗವಿದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ರಾಗಿಯ ಸಂಶೋಧನೆಗೆ ದೇಶದಲ್ಲೇ ಹೆಸರಾದ ಜಾಗ. ಅದರ ಗೇಟಿನ ಹೊರಗೆ ಬಾಡಿಗೆ ಕೋಣೆಯಲ್ಲಿರುವವರಲ್ಲಿ ತುಮಕೂರು, ಕೋಲಾರ, ಮಂಡ್ಯ, ಹಾಸನದ ರಾಗಿ ಹೊಲದ ಮಕ್ಕಳೂ ಇದ್ದಾರೆ. ಅವರು ರಾತ್ರಿ ತಿನ್ನುವುದು ಮೈದಾ ಪರೋಟ! ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಾಗಲಿ ಮೈದಾದಲ್ಲಾಗಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. 'ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ' ಎಂದ ಹಿರಿಯರು ಪ್ರಯೋಗಾಲಯದಲ್ಲಿ ಅಳೆದು ನೋಡಿರಲಿಲ್ಲ, ಹೊಲದಲ್ಲಿ ದುಡಿದು ನೋಡಿದ್ದರು. ಪಟ್ಟಣದಲ್ಲಿ ಮುದ್ದೆ ಕೇಳುವುದು ಹಳ್ಳಿತನ ಎಂಬ ಅಂಜಿಕೆ ಇರುವ ಮಕ್ಕಳು ಅದನ್ನು ಬಿಡುವುದು ಲೇಸು.

ಹೊಟ್ಟೆಯ ಲೆಕ್ಕ

ಇಡ್ಲಿ ದೋಸೆಗಳನ್ನು ದೂರಬೇಕಾಗಿಲ್ಲ. ಅಕ್ಕಿ, ಉದ್ದನ್ನು ರುಬ್ಬಿ ಹುದುಗಿಸಿ ಹಬೆಯಲ್ಲಿ ಬೇಯಿಸಿದ ಇಡ್ಲಿ ಸುಲಭವಾಗಿ ಜೀರ್ಣವಾಗುವ, ಎಣ್ಣೆ ಸೋಕದ ತಿಂಡಿ. ತೊಂದರೆ ಇರುವುದು ಬೇರೆ ಕಡೆ. ದರ್ಶಿನಿಯ ಅಡುಗೆ ಬೆಳಗಿನ ತಿಂಡಿಗೆಂದು, ಸಂಜೆಯ ಹಸಿವಿಗೆಂದು ಹುಟ್ಟಿದ್ದು. ಅದನ್ನು ಮೂರು ಹೊತ್ತೂ, ತಿಂಗಳಿಡೀ, ನಾಲ್ಕು ವರ್ಷ ತಿಂದರೆ ಸಾಲುವುದಿಲ್ಲ. ಇಡ್ಲಿ, ದೋಸೆ, ಪುಳಿಯೋಗರೆ, ಚಿತ್ರಾನ್ನ, ರೈಸ್‌ಬಾತ್, ಪೂರಿ, ಪರೋಟ ಎಂದು ಹೆಸರು ಬೇರೆ ಬೇರೆ. ಒಳಗಿರುವುದು ಮಾತ್ರ ಹೆಚ್ಚಾಗಿ ಅಕ್ಕಿ ಅಥವಾ ಮೈದಾ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಹೊರತಂದಿತು. ದಿನದ ಶಕ್ತಿಯಲ್ಲಿ ಧಾನ್ಯಗಳಿಂದ ಬರುವ ಪಾಲು ಶೇಕಡ 45ನ್ನು ದಾಟದಿರಲಿ ಎಂಬುದು ಅದರ ಸಲಹೆ. ನಮ್ಮವರಲ್ಲಿ ಅದು ಶೇಕಡ 50ರಿಂದ 70ರವರೆಗೆ ಇದೆಯೆಂದು ಸಂಸ್ಥೆಯೇ ಹೇಳುತ್ತದೆ. ಹೋಟೆಲನ್ನೇ ನಂಬಿದ ವಿದ್ಯಾರ್ಥಿಯ ತಟ್ಟೆ ಇದಕ್ಕೆ ಹೊರತಾಗುವುದು ಹೇಗೆ?

ಪ್ರೋಟೀನಿನ ಮಾತಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನವೊಂದಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವ ಹುಡುಗಿಗೆ ಸುಮಾರು 46 ಗ್ರಾಂ. ಇದನ್ನು ತುಂಬಿಸಲು ಡಬ್ಬದ ಪುಡಿ ಕೊಳ್ಳಬೇಕಾಗಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ. ಗಟ್ಟಿ ಬೇಳೆಯೋ ಮೊಳಕೆಕಾಳೋ ಒಂದು ಬಟ್ಟಲು ತಿಂದರೆ ಇನ್ನೊಂದು ಅಷ್ಟು. ಸಂಜೆ ಗೋಬಿಯ ಗಾಡಿಯ ಪಕ್ಕದಲ್ಲೇ ಬೇಯಿಸಿದ ಕಡಲೆಕಾಯಿ ಮಾರುವವರು ನಿಂತಿರುತ್ತಾರೆ. ಕಾಲು ಯಾವ ಕಡೆ ತಿರುಗುತ್ತದೆ ಎಂಬುದರಲ್ಲೇ ಅರ್ಧ ಆರೋಗ್ಯ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ತರಗತಿಯಲ್ಲಿ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು. ಇದನ್ನು ಸೋಮಾರಿತನವೆಂದು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆರಸ ನೆರವಾಗುತ್ತದೆ, ಕಾಫಿ ಚಹಾ ಅಡ್ಡಿ ಮಾಡುತ್ತವೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಕಾಫಿ ಚಹಾ ಬೇಡ ಎನ್ನುತ್ತವೆ ಆ 2024ರ ಸೂತ್ರಗಳು. ತಿಂಡಿಯ ಬೆನ್ನಿಗೇ ಫಿಲ್ಟರ್ ಕಾಫಿ ಹೀರುವ ಊರಿಗೆ ಇದು ಕಹಿ ಸಲಹೆಯೇ ಸರಿ. ಕಾಫಿ ಬಿಡಲಾಗದವರು ಅದನ್ನು ಹನ್ನೊಂದು ಗಂಟೆಗೆ ತಳ್ಳಿದರೂ ಲಾಭವಿದೆ.

ಕಣ್ಣಿಟ್ಟು ನೋಡಬೇಕಾದ್ದು

ಹೊರಗೆ ಉಣ್ಣುವವನಿಗೆ ನಾಲಗೆಗಿಂತ ಮೊದಲು ಕಣ್ಣು ಚುರುಕಾಗಿರಬೇಕು. ಪ್ರತಿ ಹೋಟೆಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಕಾಣುವಂತೆ ಇರಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಅದನ್ನು ಮುದ್ರಿಸಬೇಕೆಂಬ ನಿಯಮವಿದೆ. ಸಂಖ್ಯೆ ಇದ್ದ ಮಾತ್ರಕ್ಕೆ ಅಡುಗೆ ಅಮೃತವಾಗುವುದಿಲ್ಲ. ಆದರೆ ದೂರು ಕೊಡಬೇಕಾಗಿ ಬಂದಾಗ ಹಿಡಿದುಕೊಳ್ಳಲು ಒಂದು ದಾರವಿರುತ್ತದೆ.

ಬಣ್ಣಕ್ಕೆ ಮರುಳಾಗದಿರುವುದು ಎರಡನೆಯದು. 2024ರ ಮಾರ್ಚಿನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ ನೂರಕ್ಕೂ ಹೆಚ್ಚಿನವುಗಳಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಸಿಕ್ಕಿತು. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಅದೇ ವರ್ಷ ಜೂನಿನಲ್ಲಿ ಕಬಾಬಿನ ಸರದಿ ಬಂತು. ಹೂಕೋಸಿನ ಬಣ್ಣ ಬಿಳಿ. ಕೆಂಡದಂತೆ ಹೊಳೆಯುವ ಗೋಬಿ ಕಂಡರೆ, ಈ ಕೆಂಪು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವುದು ತಪ್ಪಲ್ಲ.

ಮೂರನೆಯದು ಎಣ್ಣೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಕೆಟ್ಟ ಸಂಯುಕ್ತಗಳು ಸೇರುತ್ತ ಹೋಗುತ್ತವೆ. ಅವು ಶೇಕಡ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈಯಿಂದ ಇದೆ. ಗ್ರಾಹಕನ ಕೈಯಲ್ಲಿ ಅಳೆಯುವ ಉಪಕರಣವಿರುವುದಿಲ್ಲ, ಕಣ್ಣು ಮೂಗು ಇರುತ್ತವೆ. ಬಾಣಲೆಯ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆಗಟ್ಟಿ, ಬೇಗ ಹೊಗೆಯಾಡುತ್ತಿದ್ದರೆ ಅಲ್ಲಿಂದ ಮುಂದೆ ಸಾಗುವುದೇ ಜಾಣತನ.

ನಾಲ್ಕನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅದು ಹೊತ್ತು ಮೀರಿದ ಅನ್ನ. ಅಕ್ಕಿಯಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಬೆಂದ ಅನ್ನವನ್ನು ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಅಡುಗೆಯನ್ನು 60 ಡಿಗ್ರಿಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು ಎನ್ನುವುದು ಇದೇ ಕಾರಣಕ್ಕೆ. ಬೆಳಿಗ್ಗೆ ಏಳಕ್ಕೆ ಕಲಸಿದ ಚಿತ್ರಾನ್ನವನ್ನು ಮಧ್ಯಾಹ್ನ ಮೂರಕ್ಕೆ ತಿನ್ನುವುದಕ್ಕಿಂತ, ಎದುರಿಗೇ ಹಬೆಯಿಂದ ಇಳಿಸಿದ ಇಡ್ಲಿ ಮೇಲು. ತೆಂಗಿನಕಾಯಿ ಚಟ್ನಿಯೂ ಬೇಗ ಹಳಸುವ ಪದಾರ್ಥ. ಹುಳಿ ವಾಸನೆ ಬಂದರೆ ಕಾಸು ಹೋಯಿತೆಂದು ನುಂಗಬೇಕಾಗಿಲ್ಲ, ಬಿಟ್ಟೇಳಬಹುದು. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವ ಚಾಳಿಯ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಆರೋಗ್ಯ ಇಲಾಖೆ ಕ್ರಮಕ್ಕೆ ಮುಂದಾಯಿತು. ಇಡ್ಲಿಯ ಬೆನ್ನಿನ ಮೇಲೆ ಬಟ್ಟೆಯ ನೇಯ್ಗೆ ಮೂಡಿದೆಯೇ ಎಂದು ನೋಡುವುದಕ್ಕೆ ಒಂದು ಕ್ಷಣ ಸಾಕು.

ಜೇಬಿನ ಲೆಕ್ಕ

ಈ ಎಲ್ಲ ಉಪದೇಶ ಸರಿ, ದುಡ್ಡು ಎಲ್ಲಿಂದ ತರುವುದು ಎಂದು ಮಕ್ಕಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆಯಿಂದ ಬರುವ ಹಣ ತಿಂಗಳ ಇಪ್ಪತ್ತಕ್ಕೇ ಮುಗಿಯುತ್ತದೆ. ಕೊನೆಯ ಹತ್ತು ದಿನ ಬನ್ನು, ಚಹಾ, ಗೆಳೆಯರ ತಟ್ಟೆ. ಬಹಳ ಮಕ್ಕಳ ಆರೋಗ್ಯ ಕೆಡುವುದು ಈ ಹತ್ತು ದಿನಗಳಲ್ಲಿ.

ಹಾಗೆ ನೋಡಿದರೆ ಹಣ ಸೋರುವ ತೂತು ಊಟದಲ್ಲಿ ಇರುವುದಿಲ್ಲ, ಊಟದ ನಡುವಿನ ಕುರುಕಲಿನಲ್ಲಿ ಇರುತ್ತದೆ. ಹಿಂದೆ ಜೇಬಿನ ನೋಟು ಕರಗುವುದು ಕಣ್ಣಿಗೆ ಕಾಣುತ್ತಿತ್ತು. ಈಗ ಫೋನು ತೋರಿಸಿದರೆ ಹಣ ಹೋಗುತ್ತದೆ, ಹೋದದ್ದು ಗೊತ್ತಾಗುವುದಿಲ್ಲ. ಆದರೆ ಅದೇ ಫೋನಿನಲ್ಲಿ ತಿಂಗಳ ಲೆಕ್ಕ ಪೂರ್ತಿ ಉಳಿದಿರುತ್ತದೆ. ಒಂದು ಭಾನುವಾರ ಕೂತು ಊಟಕ್ಕೆಷ್ಟು, ಕುರುಕಲಿಗೆಷ್ಟು, ಮನೆಬಾಗಿಲಿಗೆ ತರಿಸಿಕೊಂಡದ್ದಕ್ಕೆಷ್ಟು ಎಂದು ಮೂರು ಸಾಲು ಬರೆದು ಕೂಡಿದರೆ ಸಾಕು. ಮೂರನೇ ಸಾಲು ಬಹಳ ಮಂದಿಯನ್ನು ಬೆಚ್ಚಿಬೀಳಿಸುತ್ತದೆ. ಎದುರು ರಸ್ತೆಯ ಹೋಟೆಲಿನ ಊಟವನ್ನೇ ಫೋನಿನಲ್ಲಿ ತರಿಸಿಕೊಂಡು, ತಂದವರ ಕೂಲಿ, ಪೊಟ್ಟಣದ ಬೆಲೆ ಎಲ್ಲ ಕೊಟ್ಟು, ಆರಿದ ಮೇಲೆ ಒಬ್ಬನೇ ಕೂತು ತಿನ್ನುವುದು ದುಬಾರಿಯ ಒಂಟಿತನ. ನಾಲ್ಕು ಹೆಜ್ಜೆ ನಡೆದು ಹೋದರೆ ಬಿಸಿಯೂಟ ಸಿಗುತ್ತದೆ, ಜೊತೆಗೆ ನಾಲ್ಕು ಮಾತು.

ಬಿಲ್ಲನ್ನೂ ಓದಬೇಕು. 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳ ಜಿ.ಎಸ್.ಟಿ. ಶೇಕಡ 5. ರಾಜಿ ಯೋಜನೆಯಡಿ ತೆರಿಗೆ ಕಟ್ಟುವ ಸಣ್ಣ ಹೋಟೆಲಿನವರು ಅದನ್ನು ಗ್ರಾಹಕರಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. 'ಸರ್ವೀಸ್ ಚಾರ್ಜ್' ಎಂದು ಸೇರಿಸಿದ ಮೊತ್ತ ಕಡ್ಡಾಯವಲ್ಲ. 2022ರ ಜುಲೈಯಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಈ ಮಾರ್ಗಸೂಚಿಯನ್ನು 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಎತ್ತಿಹಿಡಿಯಿತು. ಹುಟ್ಟುಹಬ್ಬಕ್ಕೆಂದು ಗೆಳೆಯರ ಗುಂಪು ದೊಡ್ಡ ಹೋಟೆಲಿಗೆ ಹೋದಾಗ ಈ ತಿಳಿವಳಿಕೆ ಕೈಹಿಡಿಯುತ್ತದೆ. ಮೇಜಿಗೆ ತಂದುಕೊಟ್ಟವರ ಕೈಗೆ ಮೆಚ್ಚಿ ಕೊಡುವ ಹತ್ತಿಪ್ಪತ್ತು ರೂಪಾಯಿ ಬೇರೆ ಮಾತು. ಅದನ್ನು ಉಳಿಸಬೇಕಾಗಿಲ್ಲ.

ಕೈ ತೀರ ಬರಿದಾದ ದಿನಕ್ಕೂ ದಾರಿಗಳಿವೆ. ರಾಜ್ಯ ಸರ್ಕಾರ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನುಗಳನ್ನು ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ನಿಗದಿ ಮಾಡಿತು. ಅಲ್ಲಿ ಸರದಿಯಲ್ಲಿ ನಿಲ್ಲಲು ನಾಚುವ ವಿದ್ಯಾರ್ಥಿಗಳಿದ್ದಾರೆ. ಹಸಿದುಕೊಂಡು ಪರೀಕ್ಷೆ ಬರೆಯುವುದರಲ್ಲಿ ಯಾವ ಘನತೆಯೂ ಇಲ್ಲ. ಏಳು ಮನೆಯ ವಾರಾನ್ನ ಉಂಡು ಓದಿ ದೊಡ್ಡವರಾದವರ ನಾಡು ಇದು.

ಆದರೆ ಅಗ್ಗದ ಮಾತಿಗೂ ಒಂದು ಮಿತಿ ಇದೆ. 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲುಗಳು ತೀರ ಕಡಿಮೆ ಬೆಲೆಗೆ ಮಾರಬೇಕೆಂಬ ಕಟ್ಟಳೆ ಬಂದಾಗ, ಆ ಬೆಲೆಗೆ ತಮ್ಮ ಗುಣಮಟ್ಟ ಕಾಯಲು ಎಂ.ಟಿ.ಆರ್.ನವರಿಗೆ ಕಷ್ಟವಾಯಿತು. ಅವರು ದಿಢೀರ್ ಮಿಶ್ರಣ, ಪುಡಿಗಳ ಕಡೆ ಹೊರಳಿದ್ದು ಆಗಲೇ. ಒಳ್ಳೆಯ ಎಣ್ಣೆ, ಒಳ್ಳೆಯ ಬೇಳೆ, ಒಳ್ಳೆಯ ಕೆಲಸಗಾರರಿಗೆ ಬೆಲೆ ಇದ್ದೇ ಇದೆ. ಸರ್ಕಾರದ ಸಹಾಯಧನವೂ ಇಲ್ಲದೆ ಅಕ್ಕಪಕ್ಕದವರ ಅರ್ಧ ಬೆಲೆಗೆ ಕರಿದ ತಿಂಡಿ ಸಿಗುತ್ತಿದ್ದರೆ, ಉಳಿದರ್ಧ ಎಲ್ಲಿ ಕಡಿತವಾಯಿತು ಎಂದು ಯೋಚಿಸಬೇಕು.

ಅಪ್ಪ ಅಮ್ಮ ಮಾಡಬಹುದಾದ್ದು

ಜೂನ್, ಜುಲೈ ಬಂದರೆ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದ ತಂದೆತಾಯಿ ಯಶವಂತಪುರ ನಿಲ್ದಾಣದಲ್ಲಿ, ಯಲಹಂಕದ ಬಸ್ಸುಗಳಲ್ಲಿ ಕಾಣಸಿಗುತ್ತಾರೆ. ಕಾಲೇಜಿನ ಪ್ರಯೋಗಾಲಯ ನೋಡುತ್ತಾರೆ, ಕೋಣೆಯ ಕಿಟಕಿ, ಬಚ್ಚಲು ನೋಡುತ್ತಾರೆ. ಮಗ ಅಥವಾ ಮಗಳು ದಿನವೂ ಉಣ್ಣುವ ಜಾಗವನ್ನು ನೋಡದೆ ಊರಿಗೆ ಹಿಂದಿರುಗುತ್ತಾರೆ. ಆ ಒಂದು ದಿನ ಮಕ್ಕಳ ಜೊತೆ ಸುತ್ತಲಿನ ನಾಲ್ಕು ಬೀದಿ ನಡೆದು, ಎರಡು ಮೂರು ಹೋಟೆಲಿನಲ್ಲಿ ಉಂಡು, ಬೆಳಗಿನ ತಿಂಡಿಗೆ ಇದು, ಮಧ್ಯಾಹ್ನದ ಊಟಕ್ಕೆ ಅದು, ಮುದ್ದೆ ಇಲ್ಲಿ, ಹಣ್ಣು ಅಲ್ಲಿ ಎಂದು ಗುರುತು ಮಾಡಿಕೊಟ್ಟರೆ ಅದು ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ದಿನಕ್ಕೆ ಒಂದು ಹೊತ್ತಾದರೂ ಬೇಳೆ, ಪಲ್ಯ, ಮೊಸರು ಇರುವ ಪೂರ್ತಿ ಊಟ ಇರಲಿ. ದಿನಕ್ಕೊಂದು ಹಣ್ಣು ಇರಲಿ. ಕರಿದದ್ದು ವಾರಕ್ಕೆ ಒಂದೆರಡು ಸಲ ಸಾಕು. ಊರಿಂದ ಹೊರಡುವಾಗ ಕೊಡುವ ಡಬ್ಬಿಯಲ್ಲಿ ಚಕ್ಕುಲಿ ಕೋಡುಬಳೆಗಳ ಜೊತೆ ಹುರಿಗಡಲೆ, ಕಡಲೆಬೀಜ, ಹುರಿಹಿಟ್ಟು ಇರಲಿ. ಇಷ್ಟಾದರೆ ಉಳಿದದ್ದನ್ನು ದರ್ಶಿನಿಗೆ ಧೈರ್ಯವಾಗಿ ಬಿಡಬಹುದು. ಓದುವ ವಯಸ್ಸಿನಲ್ಲಿ ಗೆಳೆಯರ ಜೊತೆ ಬೈಟು ಕಾಫಿ ಹಂಚಿಕೊಂಡ ನೆನಪೂ ಮುಂದೆ ಬೇಕಾಗುತ್ತದೆ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಕಲಿತಿರುತ್ತಾರೆ. ಬಲ್ಲವನಾಗುವುದು ಹೇಗೆ ಎಂಬುದನ್ನು ಯಾವ ತರಗತಿಯೂ ಹೇಳಿಕೊಡುವುದಿಲ್ಲ. ಅದು ಮನೆಯವರು ಫೋನಿನಲ್ಲಿ ಕಲಿಸಬೇಕಾದ ಪಾಠ.

ಇಂದು ರಾತ್ರಿ ಹೊಸದುರ್ಗದ ಅಮ್ಮ ಮತ್ತೆ ಫೋನು ಮಾಡುತ್ತಾರೆ. 'ಊಟ ಆಯ್ತಾ' ಎಂದು ಕೇಳುವುದು ತಾಯಿಯ ರೂಢಿ, ಅದು ತಪ್ಪದಿರಲಿ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರಲಿ: 'ಏನು ಉಂಡೆ, ಹೇಳು ಮಗಾ?' ಮೊದಮೊದಲು ಹುಡುಗ ತಡವರಿಸಬಹುದು. ನಾಲ್ಕು ದಿನ ಕಳೆದ ಮೇಲೆ, ಸಂಜೆ ಹೋಟೆಲಿನ ಬೆಲೆಪಟ್ಟಿಯ ಮುಂದೆ ನಿಂತಾಗ ರಾತ್ರಿ ಅಮ್ಮನಿಗೆ ಏನು ಹೇಳುವುದು ಎಂದು ಅವನಿಗೇ ನೆನಪಾಗುತ್ತದೆ. ಆಗ ಅವನು ಪರೋಟದ ಬದಲು ಮುದ್ದೆಯ ಟೋಕನ್ ಕೇಳಿದರೂ ಕೇಳಿಯಾನು.